ಇದ್ದಲ್ಲೇ ಇದ್ದು ಹೊರನಾಡಿಗರಾದವರು

ಹೊರನಾಡ ಕನ್ನಡಿಗ ಎಂದ ಕೂಡಲೇ ಒಳನಾಡಿನ ಓದುಗರ ಕಣ್ಣೆದುರು ಬರುವ ಚಿತ್ರ ಬಹುಮಟ್ಟಿಗೆ ಒಂದೇ. ಉಡುಪಿ ಕಡೆಯ ಹುಡುಗನೊಬ್ಬ ಟ್ರಂಕು ಹಿಡಿದು ಮುಂಬಯಿಗೆ ಹೋದ, ಹಗಲು ಹೋಟೆಲಿನಲ್ಲಿ ದುಡಿದ, ರಾತ್ರಿ ಶಾಲೆಯಲ್ಲಿ ಓದಿದ, ಮುಂದೆ ನಾಲ್ಕು ಜನರನ್ನು ಕೂಡಿಸಿ ಸಂಘ ಕಟ್ಟಿದ. ಇಲ್ಲವೇ ಮೈಸೂರು ಕಡೆಯವರೊಬ್ಬರು ಕೇಂದ್ರ ಸರಕಾರದ ನೌಕರಿ ಸಿಕ್ಕು ದೆಹಲಿಗೆ ಹೋದರು, ರಾಜ್ಯೋತ್ಸವಕ್ಕೆ ನಾಟಕ ಆಡಿಸಿದರು. ಎರಡೂ ನಿಜವಾದ ಚಿತ್ರಗಳೇ. ಆದರೆ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಾಳುವೆ ಮಾಡಿರುವ ಸೊಲ್ಲಾಪುರಕ್ಕೆ ಇವೆರಡೂ ಹೊಂದುವುದಿಲ್ಲ. ಇಲ್ಲಿಯ ಕನ್ನಡಿಗರು ಎಲ್ಲಿಗೂ ಹೋದವರಲ್ಲ. ಇದ್ದಲ್ಲೇ ಇದ್ದರು. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಅವರ ದಕ್ಷಿಣಕ್ಕೆ ಬಿತ್ತು, ಅಷ್ಟೇ.

ನಾನು ಮಾತ್ರ ಬಂದವನು. ವಿಜಯಪುರ ಜಿಲ್ಲೆಯ ಹಳ್ಳಿಯವನು. ಬ್ಯಾಂಕಿನ ವರ್ಗಾವಣೆ ಕಾಗದ ಹಿಡಿದು 1986ರಲ್ಲಿ ಇಲ್ಲಿ ಇಳಿದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ನೂರು ಕಿಲೋಮೀಟರಿನ ಆಸುಪಾಸು. ಆದರೂ ಮಗ ಪರರಾಜ್ಯಕ್ಕೆ ಹೋಗ್ತಾನ ಎಂದು ನಮ್ಮವ್ವ ಕಣ್ಣೀರು ಹಾಕಿದ್ದಳು. ಇಲ್ಲಿ ಬಂದು ನೋಡಿದರೆ ಬಾಡಿಗೆ ಮನೆಯ ಅಜ್ಜಿ ನಮ್ಮವ್ವನ ಮಾತನ್ನೇ ಆಡುತ್ತಿದ್ದಳು. ಊಟಕ್ಕೆ ಅದೇ ಖಡಕ್ ರೊಟ್ಟಿ, ಅದೇ ಶೇಂಗಾ ಹಿಂಡಿ. ಬ್ಯಾಂಕಿನ ಕೌಂಟರಿಗೆ ಬರುವ ನೇಕಾರರು, ಕಿರಾಣಿ ಅಂಗಡಿಯವರು, ಸುತ್ತಲಿನ ಹಳ್ಳಿಯ ರೈತರು ಅರ್ಧಕ್ಕರ್ಧ ಕನ್ನಡದಲ್ಲೇ ಮಾತಾಡುತ್ತಿದ್ದರು. ಹಣ ತೆಗೆಯುವ ಚೀಟಿಯ ಮೇಲೆ ಸಹಿ ಮಾತ್ರ ಮರಾಠಿ. ಒಬ್ಬ ಹಿರಿಯರನ್ನು ಕೇಳಿಯೇಬಿಟ್ಟೆ. ಅವರೆಂದರು: 'ಮಾತಾಡೂದು ಕನ್ನಡರೀ ಸಾಹೇಬ್ರ, ಬರಿಯೂದು ಮರಾಠಿ. ಕನ್ನಡ ಓದಾಕ ಬರೂದಿಲ್ಲ. ನಮ್ಮಪ್ಪಗೂ ಬರತಿರಲಿಲ್ಲ.' ಇದರಲ್ಲಿ ದುಃಖವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಹವಾಮಾನದ ಸಂಗತಿ ಹೇಳಿದ ಹಾಗೆ ಹೇಳಿದರು.

ಈ ಮಾತಿನ ಬೆನ್ನು ಹತ್ತಿ ಹೋದಾಗ ನನಗೆ ಇಬ್ಬರು ಕವಿಗಳು ಸಿಕ್ಕರು. ಒಬ್ಬರು ಮನೆಯಲ್ಲಿ ಮರಾಠಿ ಆಡುತ್ತ, ಈ ಊರಿಗೆ ಬಂದು ಹನ್ನೆರಡು ವರ್ಷ ಕನ್ನಡ ಕಲಿಸಿದವರು. ಇನ್ನೊಬ್ಬರು ಈ ಊರಿನಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ಮರಾಠಿ ಕಲಿತು, ಬೆಳೆದ ಮೇಲೆ ಕನ್ನಡದ ಅಕ್ಷರಗಳನ್ನು ತಾವಾಗಿಯೇ ತಿದ್ದಿಕೊಂಡವರು. ಮೊದಲನೆಯವರು ದ.ರಾ. ಬೇಂದ್ರೆ. ಎರಡನೆಯವರು ಜಯದೇವಿತಾಯಿ ಲಿಗಾಡೆ.

ಮೊದಲು ಊರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯಲಾರದು. ಸೊಲ್ಲಾಪುರ ಎಂದರೆ ಒಳನಾಡಿನವರಿಗೆ ಚಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಲ್ಲಿ ಗಿರಣಿಗಳೆದ್ದವು. ತೆಲುಗು ನಾಡಿನಿಂದ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಹೀಗಾಗಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ತರಕಾರಿ ಮಾರುವ ಹೆಂಗಸು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾಳೆ. 1930ರ ಮೇ ತಿಂಗಳಲ್ಲಿ ಬ್ರಿಟಿಷರು ಈ ಊರಿನ ಮೇಲೆ ಮಾರ್ಷಲ್ ಲಾ ಹೇರಿದರು. ಅದರ ಬೆನ್ನಿಗೆ 1931ರ ಜನವರಿ 12ರಂದು ಯರವಾಡಾ ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರ ಹೆಸರು ನೋಡಿ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ, ಕುರ್ಬಾನ್ ಹುಸೇನ್. ಊರಿನ ಜನಗಣತಿಯನ್ನು ಬೇರೆ ತೆಗೆಯಬೇಕಾಗಿಲ್ಲ.

ಇದಕ್ಕಿಂತ ಹಳೆಯ ಪದರ ಸಿದ್ಧರಾಮನದು. ಹನ್ನೆರಡನೆಯ ಶತಮಾನದ ಸೊನ್ನಲಿಗೆ ಎಂಬುದೇ ಇಂದಿನ ಸೊಲ್ಲಾಪುರ. ಮುದ್ದಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮ ಇಲ್ಲಿ ಕೆರೆ ಕಟ್ಟಿಸಿದ, ಗುಡಿ ಎತ್ತಿಸಿದ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಕನ್ನಡ ವಚನಗಳನ್ನು ಬರೆದ. ಅಲ್ಲಮ ಬಂದು ಅವನನ್ನು ಕಲ್ಯಾಣಕ್ಕೆ ಕರೆದೊಯ್ದ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಮುಂದೆ ರಾಘವಾಂಕ ಅವನ ಮೇಲೆ ಕಾವ್ಯವನ್ನೇ ಬರೆದ. ಇವತ್ತಿಗೂ ಸಂಕ್ರಾಂತಿಗೆ ಏಳು ಎತ್ತರದ ನಂದಿಕೋಲುಗಳು ಹೊರಡುತ್ತವೆ, ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಮದುವೆ ನಡೆಯುತ್ತದೆ, ಲಕ್ಷಗಟ್ಟಲೆ ಜನ ಅಕ್ಷತೆ ಹಾಕುತ್ತಾರೆ. ನಂದಿಕೋಲು ಹೊರುವವರ 'ಹರ್ರ ಬೋಲಾ ಹರ್ರ' ಎಂಬ ಕೂಗು ಕೇಳಿದರೆ ಮೈ ನವಿರೇಳುತ್ತದೆ. ಆದರೆ ಆ ಗುಂಪಿನಲ್ಲಿ ಸಿದ್ಧರಾಮನ ವಚನವನ್ನು ಅವನ ಅಕ್ಷರದಲ್ಲೇ ಓದಬಲ್ಲವರು ಎಷ್ಟು ಜನ? ಊರ ದೇವರು ಕನ್ನಡದಲ್ಲಿ ಬರೆದಿಟ್ಟಿದ್ದಾನೆ. ಊರಿಗೆ ಅದು ಓದಲು ಬರುವುದಿಲ್ಲ. ಇಂಥ ಊರು ನಾನು ಕಂಡಂತೆ ಇನ್ನೊಂದಿಲ್ಲ.

ಇದು 1956ರಲ್ಲಿ ಆದದ್ದಲ್ಲ ಎಂಬುದನ್ನು ಒಳನಾಡಿನವರು ಗಮನಿಸಬೇಕು. ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿ ಕನ್ನಡ ಜಿಲ್ಲೆಗಳೆಂದರೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ. ಸೊಲ್ಲಾಪುರ ಆ ಎಣಿಕೆಯಲ್ಲಿ ಇರಲಿಲ್ಲ. ಕಚೇರಿ, ಕೋರ್ಟು, ಸಾಳಿ ಎಲ್ಲವೂ ಮರಾಠಿ. ಎರಡು ತಲೆಮಾರು ಹಾಗೆ ನಡೆದರೆ ಸಾಕು, ಭಾಷೆ ಅಡುಗೆಮನೆಗೆ ಹೋಗಿ ಕೂಡುತ್ತದೆ. ನನ್ನ ಕೌಂಟರಿಗೆ ಬಂದ ಹಿರಿಯರ ಅಪ್ಪನಿಗೂ ಕನ್ನಡ ಓದಲು ಬಾರದೇ ಇದ್ದದ್ದಕ್ಕೆ ಕಾರಣ ಇದು. ರಾಜ್ಯ ಪುನರ್ವಿಂಗಡಣೆಯಾಗುವ ಹೊತ್ತಿಗೆ ಈ ಊರು ಕಾಗದದ ಮೇಲೆ ಆಗಲೇ ಮರಾಠಿಯಾಗಿತ್ತು.

ಈ ಊರಿಗೆ 1944ರಲ್ಲಿ ಬೇಂದ್ರೆ ಬಂದರು. ಆಗ ಅವರಿಗೆ 48 ವರ್ಷ. ಹಿಂದಿನ ವರ್ಷವಷ್ಟೇ, 1943ರಲ್ಲಿ, ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. 'ಗರಿ' ಬಂದು ಹನ್ನೆರಡು ವರ್ಷವಾಗಿತ್ತು. ನಾಡಿಗೆ ನಾಡೇ ಅವರ ಹಾಡು ಹಾಡುತ್ತಿತ್ತು. ಕವಿಗೆ ಮಾತ್ರ ಗಟ್ಟಿಯಾದ ನೌಕರಿ ಇರಲಿಲ್ಲ. 'ನರಬಲಿ' ಕವಿತೆಗಾಗಿ 1932ರಲ್ಲಿ ಸೆರೆಮನೆ ಕಂಡ ಮೇಲೆ ಸಂಸಾರ ನಡೆಸುವುದೇ ಅವರಿಗೆ ಹೋರಾಟವಾಗಿತ್ತು. 1935ರಲ್ಲಿ ಎಂ.ಎ. ಮಾಡಿಕೊಂಡರೂ ಕೂಡಲೇ ದಾರಿ ತೆರೆಯಲಿಲ್ಲ. ಕೊನೆಗೆ ಕನ್ನಡದ ವರಕವಿಗೆ ಕನ್ನಡದ ಪ್ರಾಧ್ಯಾಪಕನ ಕುರ್ಚಿ ಕೊಟ್ಟದ್ದು ಸೊಲ್ಲಾಪುರದ ಡಿ.ಎ.ವಿ. ಕಾಲೇಜು. 1940ರಲ್ಲಿ ಶುರುವಾದ ಈ ಕಾಲೇಜು ಪಂಜಾಬಿನ ಆರ್ಯಸಮಾಜದ ಹಿನ್ನೆಲೆಯದು. ಅಂದರೆ ಲಾಹೋರಿನಿಂದ ಬಂದ ಸಂಸ್ಥೆ, ಮರಾಠಿ ಆಡಳಿತದ ಊರು, ಮರಾಠಿ ಮನೆಮಾತಿನ ಮೇಷ್ಟ್ರು, ಕಲಿಸುವುದು ಪಂಪ, ಕುಮಾರವ್ಯಾಸ! ಧಾರವಾಡದಲ್ಲಿ ಆಗದ ಕೆಲಸ ಇಲ್ಲಿ ಆಯಿತೆಂದು ನಾವು ಸೊಲ್ಲಾಪುರದವರು ಆಗಾಗ ಮೀಸೆ ತಿರುವುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ.

ಧಾರವಾಡಕ್ಕೂ ಸೊಲ್ಲಾಪುರಕ್ಕೂ ಆಗ ಸರಳ ದಾರಿ ಇರಲಿಲ್ಲ. ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರ ಸುತ್ತಿ ಹೋಟಗಿಗೆ ಬರುವ ಮೀಟರ್ ಗೇಜ್ ರೈಲು. ನಾನೂ ಆ ರೈಲಿನಲ್ಲಿ ಹೊಗೆ ಕುಡಿದವನೇ. ಹೋಟಗಿಯಲ್ಲಿ ಇಳಿದು ದೊಡ್ಡ ಗೇಜಿನ ಗಾಡಿಗೆ ಹತ್ತಿದರೆ ಅಲ್ಲಿಂದ ಪ್ರಪಂಚವೇ ಬೇರೆ. ಕೂಲಿಯ ಕೂಗು ಮರಾಠಿಗೆ ತಿರುಗುತ್ತಿತ್ತು. ಬೇಂದ್ರೆಯವರಿಗೆ ಅದು ತಿರುಗಿದ್ದು ಗೊತ್ತಾಗುತ್ತಿತ್ತೋ ಇಲ್ಲವೋ, ಏಕೆಂದರೆ ಅವರಿಗೆ ಎರಡೂ ಮನೆಯೇ.

ಬೇಂದ್ರೆಯವರ ಮೇಲೆ ಬಂದ ಬರಹ ರಾಶಿ ಇದೆ. ಸಾಧನಕೇರಿಯ ಗಿಡಗಂಟಿ, ಕೆರೆ, ಮಳೆ ಎಲ್ಲವೂ ಅದರಲ್ಲಿ ಉಂಟು. ಸೊಲ್ಲಾಪುರದ ಹನ್ನೆರಡು ವರ್ಷಕ್ಕೆ ಸಿಕ್ಕುವುದು ಹೆಚ್ಚಿನ ಕಡೆ ಒಂದು ಸಾಲು: ಹೊಟ್ಟೆಪಾಡಿಗೆ ಹೋಗಿದ್ದರು, ಬಂದರು. ನನಗೆ ಈ ಮಾತು ಒಪ್ಪಿಗೆಯಿಲ್ಲ. 'ಗಂಗಾವತರಣ' 1951ರದು; ಆಗ ಅವರು ಇಲ್ಲಿದ್ದರು. ಸೊಲ್ಲಾಪುರ ಬಿಟ್ಟ ಮರುವರ್ಷ, 1957ರಲ್ಲಿ, 'ಅರಳು ಮರಳು' ಬಂತು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕವಿತೆಗಳನ್ನು ಧಾರವಾಡಕ್ಕೆ ಬಂದು ಮೂರು ತಿಂಗಳಲ್ಲಿ ಬರೆದರೆ?

ಇದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು ಅವರ ಕೂತ ಜಾಗ. ಒಂದು ಕಾಲೇಜಿನಲ್ಲಿ ಕನ್ನಡ ವಿಷಯ ಇದೆ ಎಂದರೆ ಏನರ್ಥ? ಅಕ್ಕಲಕೋಟೆ ಸೀಮೆಯ ಹುಡುಗನೊಬ್ಬ ಕನ್ನಡ ಓದುವುದಕ್ಕೆ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋಗಬೇಕಾಗಿಲ್ಲ. ಮನೆಯ ರೊಟ್ಟಿ ತಿಂದು ಓದಬಹುದು. ಅವನು ಮಾಸ್ತರನಾದರೆ ಅವನ ಸಾಳಿಯಲ್ಲಿ ಕನ್ನಡ ಉಳಿಯುತ್ತದೆ. ಸಂಘ, ಸತ್ಕಾರ, ಶಾಲು, ಹಾರ ಇವಕ್ಕಿಂತ ಇದು ಗಟ್ಟಿಯಾದ ಕೆಲಸ. ಹಾರ ಮರುದಿನ ಬಾಡುತ್ತದೆ.

ಬೇಂದ್ರೆ ಒಬ್ಬರೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಅದೇ ಕಾಲಕ್ಕೆ ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿ ಕನ್ನಡ ಕಲಿಸುತ್ತಿದ್ದರು. ನಾವೆಲ್ಲ ಓದಿದ ಅವರ 'ಕನ್ನಡ ಸಾಹಿತ್ಯ ಚರಿತ್ರೆ' 1953ರಲ್ಲಿ ಬಂದಾಗ ಅವರು ಅಲ್ಲಿಯೇ ಇದ್ದರು. 1950ರ ಸುಮಾರಿಗೆ ಕೊಲ್ಲಾಪುರದ ರಾಜಾರಾಮ ಕಾಲೇಜಿಗೆ ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ಮೂವರೂ ಧಾರವಾಡದ ಗೆಳೆಯರ ಗುಂಪಿನವರು. ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರ ಮೂರಕ್ಕೂ ಕನ್ನಡದ ಮೂವರು ಕವಿಗಳು! ಯಾರೂ ಯೋಜನೆ ಹಾಕಿ ಕಳಿಸಿದ್ದಲ್ಲ, ನೌಕರಿಯ ಋಣಾನುಬಂಧ ಕರೆದೊಯ್ದದ್ದು. ಆದರೆ ಕನ್ನಡದ ಉತ್ತರದ ಅಂಚಿಗೆ ಇಷ್ಟು ಬಲ ಅದಕ್ಕೂ ಮೊದಲು ಇರಲಿಲ್ಲ, ಆಮೇಲೆಯೂ ಬರಲಿಲ್ಲ. (ಲೆಕ್ಕ ಸರಿದೂಗಿಸಲು ಇನ್ನೊಂದು ಮಾತು. ಮರಾಠಿಯ ಬಹು ದೊಡ್ಡ ಕಥೆಗಾರ ಜಿ.ಎ. ಕುಲಕರ್ಣಿ ಧಾರವಾಡದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡು ಬರೆದರು. ಧಾರವಾಡ ನಮ್ಮ ಬೇಂದ್ರೆಯನ್ನು ಇತ್ತ ಕೊಟ್ಟಿತು, ಮರಾಠಿಯವರ ಜಿ.ಎ.ಯನ್ನು ಅತ್ತ ಇಟ್ಟುಕೊಂಡಿತು.)

ಬೇಂದ್ರೆ ಮರಾಠಿಯನ್ನು ಎದುರಾಳಿ ಎಂದು ಎಣಿಸಲಿಲ್ಲ. ಪಂಢರಪುರ ಇರುವುದು ಇದೇ ಸೊಲ್ಲಾಪುರ ಜಿಲ್ಲೆಯಲ್ಲಿ. ಜ್ಞಾನೇಶ್ವರರು ವಿಠ್ಠಲನನ್ನು ಕನ್ನಡಿಗನೆಂದೇ ಕರೆದದ್ದು ಮರಾಠಿಯವರಿಗೂ ಗೊತ್ತು. ನಮ್ಮ ಹರಿದಾಸರ ಅಂಕಿತಗಳ ತುಂಬ ವಿಠ್ಠಲನೇ ಇದ್ದಾನೆ. ಈ ದೇವರು ಯಾರವನು ಎಂಬ ಜಗಳದ ಜಾಗದಲ್ಲಿ ಬೇಂದ್ರೆ ಕಂಡದ್ದು ಎರಡು ನುಡಿಗಳ ನಂಟು. ವಿಠ್ಠಲ ಸಂಪ್ರದಾಯದ ಬಗ್ಗೆ ಅವರು ಮರಾಠಿಯಲ್ಲೇ ಬರೆದರು. ಅವರ ಮರಾಠಿ ಕೃತಿ 'ಸಂವಾದ'ಕ್ಕೆ 1965ರಲ್ಲಿ ಕೇಳಕರ ಬಹುಮಾನ ಬಂತು. ಮರಾಠಿ ಓದುಗರಿಗೆ ಕನ್ನಡ ಅರ್ಥವಾಗಬೇಕಾದರೆ ಮರಾಠಿಯಲ್ಲಿ ಹೇಳಬೇಕು ಎಂಬ ಸಾದಾ ವಿವೇಕ ಅದು. ಇವತ್ತು ಗಡಿಯ ಎರಡೂ ಬದಿ ಬಸ್ಸಿಗೆ ಮಸಿ ಬಳಿಯುವವರಿಗೆ ಈ ವಿವೇಕ ಸೋಂಕಿದಂತಿಲ್ಲ.

ಇನ್ನು ಜಯದೇವಿತಾಯಿ. ಬೇಂದ್ರೆಯವರ ಕಥೆಯನ್ನು ಯಾರಾದರೂ ಹೇಳಬಲ್ಲರು. ಈ ತಾಯಿಯ ಕಥೆಯನ್ನು ನಾವು ಸೊಲ್ಲಾಪುರದವರೇ ಹೇಳಬೇಕು.

ಅವರು ಹುಟ್ಟಿದ್ದು 1912ರಲ್ಲಿ, ಈ ಊರಿನಲ್ಲೇ, ಅನುಕೂಲಸ್ಥ ಲಿಂಗಾಯತ ಮನೆತನದಲ್ಲಿ. ಆ ಕಾಲದ ರೂಢಿಯಂತೆ ಎಳೆ ವಯಸ್ಸಿನಲ್ಲೇ ಮದುವೆ. ಓದಿದಷ್ಟು ಓದು ಮರಾಠಿ, ಏಕೆಂದರೆ ಹುಡುಗಿಯೊಬ್ಬಳು ಕನ್ನಡ ಓದಬೇಕೆಂದರೆ ಊರಿನಲ್ಲಿ ಅದಕ್ಕೆ ತಾವಿರಲಿಲ್ಲ. ಮನೆಯ ಮಾತಿಗೂ ಶಾಲೆಯ ಅಕ್ಷರಕ್ಕೂ ಸಂಬಂಧವಿಲ್ಲದ ಸ್ಥಿತಿ. ನನ್ನ ಕೌಂಟರಿಗೆ ಬಂದ ಹಿರಿಯರು ಇದನ್ನು ಒಪ್ಪಿಕೊಂಡು ಕೂತರು. ಈಕೆ ಒಪ್ಪಲಿಲ್ಲ. ಮಕ್ಕಳು ತಿದ್ದುವ ಅಕ್ಷರವನ್ನು ಸಂಸಾರಸ್ಥೆಯಾದ ಮೇಲೆ ತಿದ್ದಿದರು, ವಚನ ಓದಿದರು, ಆಮೇಲೆ ಬರೆಯತೊಡಗಿದರು. 'ಜಯಗೀತೆ', 'ತಾಯಿಯ ಪದಗಳು', 'ತಾರಕ ತಂಬೂರಿ' ಬಂದವು. ಎಲ್ಲಕ್ಕೂ ಕಳಶವಿಟ್ಟಂತೆ ಬಂದದ್ದು 'ಶ್ರೀ ಸಿದ್ಧರಾಮ ಪುರಾಣ'. ತಮ್ಮೂರ ಸಿದ್ಧರಾಮನ ಮೇಲೆ ನಾಲ್ಕು ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳ ಮಹಾಕಾವ್ಯ.

ತ್ರಿಪದಿಯನ್ನೇ ಯಾಕೆ ಹಿಡಿದರು? ರಗಳೆ ಇತ್ತು, ಷಟ್ಪದಿ ಇತ್ತು. ರಾಘವಾಂಕ ಸಿದ್ಧರಾಮನ ಕಥೆ ಹೇಳಿದ್ದು ಷಟ್ಪದಿಯಲ್ಲೇ. ಪಂಡಿತರು ಸಿದ್ಧರಾಮನೇ ತ್ರಿವಿಧಿ ಬರೆದಿದ್ದನ್ನು ತೋರಿಸುತ್ತಾರೆ, ಅದು ಸರಿಯೇ. ನನ್ನ ಊಹೆ ಇನ್ನೊಂದಿದೆ. ತ್ರಿಪದಿ ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ಹಾಡಿದ ಮಟ್ಟು. ಅದಕ್ಕೆ ಸಾಳಿ ಬೇಡ, ಪಾಟಿ ಬೇಡ, ಸರಕಾರದ ಅಪ್ಪಣೆ ಬೇಡ. ಸೊಲ್ಲಾಪುರದಲ್ಲಿ ಕನ್ನಡ ಓದುಬರಹ ಕಳೆದುಕೊಂಡಿದ್ದಾಗಲೂ ಬೀಸುಕಲ್ಲಿನ ಮುಂದೆ ಛಂದಸ್ಸು ತಪ್ಪಿರಲಿಲ್ಲ. ನನ್ನ ಬಾಡಿಗೆ ಮನೆಯ ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಗಿರಣಿಗೆ ಹಾಕಿಸಿದ ಹಿಟ್ಟು ಜರಡಿ ಹಿಡಿಯುವಾಗ ಗುನುಗಿದ್ದೆಲ್ಲ ಮೂರು ಸಾಲಿನದೇ. 'ಯಾರು ಕಲಿಸಿದ್ರಬೇ ಆಯಿ?' ಎಂದರೆ 'ಕಲಸೂದೇನ ಬಂತೋ ತಮ್ಮಾ, ಕಲ್ಲ ತಿರಗಿದಾಂಗ ಬರತಾವ' ಎನ್ನುತ್ತಿದ್ದಳು. ಜಯದೇವಿತಾಯಿ ಮಹಾಕಾವ್ಯಕ್ಕೆ ಕೈ ಹಾಕಿದಾಗ ಪುಸ್ತಕದ ಕನ್ನಡಕ್ಕಿಂತ ಹತ್ತಿರ ಇದ್ದದ್ದು ಈ ಕನ್ನಡ ಎಂದು ನಾನು ತಿಳಿದಿದ್ದೇನೆ.

ಅವರೂ ಮರಾಠಿಯನ್ನು ಬಿಡಲಿಲ್ಲ. ಸಿದ್ಧರಾಮ, ಬಸವಣ್ಣ, ಅಕ್ಕಮಹಾದೇವಿಯರನ್ನು ಮರಾಠಿಗೆ ತಂದರು. ಕನ್ನಡ ಬಾರದ ಸೊಲ್ಲಾಪುರದ ಭಕ್ತರಿಗೆ ಅವರ ದೇವರ ಮಾತು ಮೊದಲು ಮುಟ್ಟಿದ್ದು ಎಷ್ಟೋ ಮನೆಗಳಲ್ಲಿ ಹೀಗೆಯೇ ಇರಬೇಕು. ಹನ್ನೆರಡು ವರ್ಷ ಒಂದೇ ಊರಿನಲ್ಲಿದ್ದ ಇಬ್ಬರು ಕವಿಗಳು, ಒಬ್ಬರು ಮರಾಠಿಯಿಂದ ಕನ್ನಡಕ್ಕೆ ಬಂದವರು, ಒಬ್ಬರು ಮರಾಠಿಯೊಳಗಿನಿಂದ ಕನ್ನಡವನ್ನು ಅಗೆದು ತೆಗೆದವರು, ಇಬ್ಬರೂ ಎರಡೂ ಭಾಷೆಯಲ್ಲಿ ಬರೆದರು. ಕಾಕತಾಳೀಯವೆಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಈ ಊರಿನಲ್ಲಿ ಕನ್ನಡದ ಕೆಲಸ ಮಾಡುವ ರೀತಿಯೇ ಅದು.

1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರಕ್ಕೆ ಬಂತು. ಅದು 33ನೆಯದು; ಅಧ್ಯಕ್ಷರು ಎಂ.ಆರ್. ಶ್ರೀನಿವಾಸಮೂರ್ತಿ. ಬಸವಣ್ಣನವರ ಮೇಲೆ, ವಚನಧರ್ಮದ ಮೇಲೆ ಪುಸ್ತಕ ಬರೆದ ಹಳೇ ಮೈಸೂರಿನ ಈ ವಿದ್ವಾಂಸರನ್ನು ಸಿದ್ಧರಾಮನ ಊರಿಗೆ ಕರೆದದ್ದರಲ್ಲಿ ಔಚಿತ್ಯವಿತ್ತು. ಹಿಂದಿನ ವರ್ಷದ ಸಮ್ಮೇಳನ ಕಲಬುರ್ಗಿಯಲ್ಲಿ, ಮುಂದಿನ ವರ್ಷದ್ದು ಮುಂಬಯಿಯಲ್ಲಿ. ಮೂರು ವರ್ಷ ಮೂರು ಕಡೆ, ಮೂರೂ ಅಂದಿನ ಮೈಸೂರು ರಾಜ್ಯದ ಹೊರಗೆ. ಏಕೀಕರಣದ ಕಾವು ಏರುತ್ತಿದ್ದ ದಿನಗಳು. ಸೊಲ್ಲಾಪುರದ ಕನ್ನಡಿಗರು ನಾವೂ ಒಳಗೆ ಬರುತ್ತೇವೆಂದು ನಂಬಿದ್ದರು. ಆ ನಂಬಿಕೆಗೆ ದನಿಯಾದವರಲ್ಲಿ ಜಯದೇವಿತಾಯಿ ಮುಂಚೂಣಿಯವರು.

ಮುಂದಿನದು ನಿಮಗೆ ಗೊತ್ತು. 1956ರಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಒಳಗೆ ಬಂದವು. ಹೈದರಾಬಾದ್ ಸೀಮೆಯಿಂದ ಬೀದರ, ಕಲಬುರ್ಗಿ, ರಾಯಚೂರು ಬಂದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಅಲ್ಲೇ ಉಳಿದವು. ಅದೇ ವರ್ಷ ಬೇಂದ್ರೆ ಕಾಲೇಜಿನಿಂದ ನಿವೃತ್ತರಾಗಿ ಧಾರವಾಡ ಆಕಾಶವಾಣಿಗೆ ಹೋದರು. ಹೋಗುವಾಗ ಹೊಸ ರಾಜ್ಯದೊಳಗೆ ಹೋದರು. ಆಮೇಲೆ 'ನಾಕು ತಂತಿ', ಆಮೇಲೆ 1973ರ ಜ್ಞಾನಪೀಠ, 1981ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕೊನೆಯುಸಿರು. ಅವರು ಬಂದ ಊರಿಗೆ ಮರಳಿದವರು, ಅವರಿಗೆ ಮರಳಲು ಒಂದು ಊರಿತ್ತು. ಜಯದೇವಿತಾಯಿಗೆ ಮರಳುವುದೆಲ್ಲಿಗೆ? 44 ವರ್ಷ ಬಾಳಿದ ಮನೆಯ ಬಾಗಿಲು ಅದೇ, ಕೆರೆ ಅದೇ, ಗುಡಿ ಅದೇ; ಬೆಳಗಾಗುವುದರಲ್ಲಿ ಅವರು ಹೊರನಾಡಿನವರು.

ಒಳನಾಡಿನ ಗೆಳೆಯರು ಇಲ್ಲಿ ಒಂದು ಪ್ರಶ್ನೆ ಕೇಳುವುದುಂಟು: ಮರಾಠಿಗರೇ ಹೆಚ್ಚಿದ್ದ ನಗರ ಹೇಗೆ ಕರ್ನಾಟಕಕ್ಕೆ ಬರುತ್ತಿತ್ತು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಗರ ಬರುವುದು ಕಷ್ಟವಿತ್ತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯೂ ನಗರವನ್ನು ನಮಗೆ ಕೊಡಲಿಲ್ಲ. ಅಕ್ಕಲಕೋಟೆ ತಾಲ್ಲೂಕು, ದಕ್ಷಿಣ ಸೊಲ್ಲಾಪುರ ಮತ್ತು ಜತ್ತದ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದಿತು. ಅದೂ ಜಾರಿಯಾಗಲಿಲ್ಲ. ಬೆಂಗಳೂರಿನಲ್ಲಿ ಭಾಷಣ ಮಾಡುವವರು ಬೆಳಗಾವಿಗಾಗಿ ಈ ವರದಿಯನ್ನು ಎತ್ತಿ ಹಿಡಿಯುತ್ತಾರೆ. ಅದೇ ವರದಿಯ ಅಕ್ಕಲಕೋಟೆಯ ಪುಟ ಬಂದಾಗ ದನಿ ಸಣ್ಣದಾಗುತ್ತದೆ. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಯವರು ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರೆತ್ತಿದಾಗ ಟಿ.ವಿ.ಯವರು ಕ್ಯಾಮರಾ ಹಿಡಿದು ಓಡಿಬಂದರು. ಹಳ್ಳಿಯ ಜನ ಅವರಿಗೆ ಹೇಳಿದ್ದು ನೀರು, ರಸ್ತೆ. ಕನ್ನಡ ಸಾಳಿಯ ಮಾತನ್ನು ಕೇಳಿದವರು ಕಡಿಮೆ.

1974ರಲ್ಲಿ ಒಂದು ಸಂಗತಿ ನಡೆಯಿತು. ಮಂಡ್ಯದ 48ನೆಯ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಅಧ್ಯಕ್ಷರಾದರು. 1915ರಿಂದ ನಡೆದುಬಂದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ. ಪತ್ರಿಕೆಗಳು ಇದನ್ನೇ ಬರೆದವು, ಇವತ್ತಿಗೂ ರಸಪ್ರಶ್ನೆಯಲ್ಲಿ ಇದನ್ನೇ ಕೇಳುತ್ತಾರೆ. ನನಗೆ ಅದರಷ್ಟೇ ದೊಡ್ಡದಾಗಿ ಕಾಣುವುದು ಇನ್ನೊಂದು: ಶಾಲೆಯಲ್ಲಿ ಒಂದು ದಿನವೂ ಕನ್ನಡ ಕಲಿಯದ ಹೆಣ್ಣುಮಗಳು, ಕನ್ನಡವಲ್ಲದೆ ಇನ್ನೊಂದು ಮಾತು ಕಿವಿಗೆ ಬೀಳದ ಕಾವೇರಿ ಸೀಮೆಗೆ ಹೋಗಿ ಕನ್ನಡಿಗರೆಲ್ಲರ ಪರವಾಗಿ ಮಾತಾಡಿದರು. ಇಂಥ ಇನ್ನೊಬ್ಬ ಮಹಿಳೆಗೆ ಆ ಕುರ್ಚಿ ಸಿಗಲು 2000ದ ಬಾಗಲಕೋಟೆಯ ಸಮ್ಮೇಳನದವರೆಗೆ, ಶಾಂತಾದೇವಿ ಮಾಳವಾಡರವರೆಗೆ ಕಾಯಬೇಕಾಯಿತು.

ಕೊನೆಯ ವರ್ಷಗಳಲ್ಲಿ ಅವರು ಸೊಲ್ಲಾಪುರ ಬಿಟ್ಟು ಬಸವಕಲ್ಯಾಣದಲ್ಲಿ ನೆಲೆಸಿದರು. ಎಂಟುನೂರು ವರ್ಷದ ಹಿಂದೆ ಸಿದ್ಧರಾಮ ಸೊನ್ನಲಿಗೆಯಿಂದ ನಡೆದುಹೋದ ದಾರಿಯದು. ಸಿದ್ಧರಾಮ ಅರಿವನ್ನು ಅರಸಿ ಹೋದ, ಮರಳಿ ಬಂದು ಸೊನ್ನಲಿಗೆಯಲ್ಲೇ ಐಕ್ಯನಾದ ಎನ್ನುತ್ತಾರೆ. ಅವನ ಗದ್ದುಗೆ ಕೆರೆಯ ನಡುವಿನ ಗುಡಿಯಲ್ಲಿದೆ. ತಾಯಿ ಮರಳಲಿಲ್ಲ. 1986ರಲ್ಲಿ ಅಲ್ಲೇ ತೀರಿಕೊಂಡರು. ನಾನು ಸೊಲ್ಲಾಪುರಕ್ಕೆ ಕಾಲಿಟ್ಟದ್ದೂ ಅದೇ ವರ್ಷ. ಕಾಣುವ ಯೋಗ ಬರಲಿಲ್ಲ. ಅವರು ಭಕ್ತಿಯಿಂದ ಹೋದರೆಂದು ಕೆಲವರು ಹೇಳುತ್ತಾರೆ, ಬಸವಣ್ಣನ ನೆಲದ ಸೆಳೆತ. ಇರಬಹುದು. ಆದರೆ ಊರು ಕರ್ನಾಟಕಕ್ಕೆ ಬರದಿದ್ದಾಗ ತಾನೇ ಎದ್ದು ಕರ್ನಾಟಕಕ್ಕೆ ಹೋದ ಹಟವೂ ಅದರಲ್ಲಿ ಇದ್ದಿರಬೇಕೆಂದು ನನಗೆ ಅನ್ನಿಸುತ್ತದೆ.

ಈಗ ಇಲ್ಲಿ ಏನಿದೆ ಎಂದು ಕೇಳುತ್ತೀರಿ. ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಮಂಡಳಿ ಪುಣೆಯಲ್ಲಿ ಕನ್ನಡ ಪಠ್ಯಪುಸ್ತಕ ಅಚ್ಚು ಮಾಡುತ್ತದೆ, ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ಅದನ್ನು ಮೆಚ್ಚಲೇಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ನಡೆದಿವೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಅಕ್ಕಲಕೋಟೆ, ಸೊಲ್ಲಾಪುರ, ಜತ್ತ, ಗಡಹಿಂಗ್ಲಜದ ಕನ್ನಡ ಮಕ್ಕಳಿಗೆ ಗಡಿನಾಡಿನವರೆಂದು ಅರ್ಹತೆಯ ಒಂದು ಕಲಮು ಇದೆ. ಆದರೆ ಅಪ್ಪ ಅವ್ವ ಲೆಕ್ಕ ಹಾಕುತ್ತಾರೆ. ಮಗ ಮರಾಠಿ ಕಲಿತರೆ ಸೊಲ್ಲಾಪುರದಲ್ಲೇ ನೌಕರಿ, ಪುಣೆಯಲ್ಲಿ ನೌಕರಿ. ಇಂಗ್ಲಿಷ್ ಕಲಿತರೆ ಎಲ್ಲಿಯಾದರೂ. ಕನ್ನಡ ಕಲಿತರೆ ಎಲ್ಲಿ? ನನ್ನ ಮಗಳೂ ಇಂಗ್ಲಿಷ್ ಶಾಲೆಗೇ ಹೋದಳು. ಮನೆಯಲ್ಲಿ ರಾತ್ರಿ ಊಟದ ಮೇಲೆ ಅವಳ ತಾಯಿ ಅಕ್ಷರ ತಿದ್ದಿಸಿದ್ದರಿಂದ ಇವತ್ತು ಪುಣೆಯಲ್ಲಿದ್ದುಕೊಂಡು ನಿಧಾನವಾಗಿಯಾದರೂ ಕನ್ನಡ ಓದುತ್ತಾಳೆ. ಈ ಲೇಖನ ಅಚ್ಚಾದರೆ ಅರ್ಧ ದಿನ ತಗೊಂಡು ಓದಿ ಮುಗಿಸಿ ಫೋನ್ ಮಾಡುತ್ತಾಳೆ. ಅವಳ ಮಗನ ಮಾತು ನನಗೆ ಗೊತ್ತಿಲ್ಲ.

ನಿವೃತ್ತನಾದ ಮೇಲೆ ನಾವು ಆರೇಳು ಜನ ಶನಿವಾರ ಸಂಜೆ ಒಬ್ಬರ ಮನೆಯಲ್ಲಿ ಕೂಡುತ್ತೇವೆ. ಸಂಘವಲ್ಲ, ಹೆಸರಿಲ್ಲ, ವರ್ಗಣಿ ಇಲ್ಲ. ಜಯದೇವಿತಾಯಿಯವರ ಸಿದ್ಧರಾಮ ಪುರಾಣವನ್ನು ವಾರಕ್ಕೆ ಇಪ್ಪತ್ತೈದು ಮೂವತ್ತು ತ್ರಿಪದಿಯಂತೆ ಓದುತ್ತಿದ್ದೇವೆ. ಬೇಂದ್ರೆ ಕಲಿಸಿದ ಕಾಲೇಜಿನಲ್ಲಿ, ಅವರು ಬಿಟ್ಟುಹೋದ ಬಹಳ ವರ್ಷಗಳ ಮೇಲೆ, ವಿಜ್ಞಾನ ಓದಿದ ಒಬ್ಬರು ಇದ್ದಾರೆ. ಗಿರಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಒಬ್ಬರು ಇದ್ದಾರೆ. ಬಾಳಿವೇಸದ ಇಬ್ಬರು ಅಕ್ಕತಂಗಿಯರು ಇದ್ದಾರೆ. ನಮ್ಮಲ್ಲಿ ಕನ್ನಡ ಓದಲು ಬರುವವರು ಮೂವರು. ಉಳಿದವರು ನಾವು ಓದಿದ್ದನ್ನು ಕೇಳುತ್ತ ತಮ್ಮ ವಹಿಯಲ್ಲಿ ಮರಾಠಿ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಅಕ್ಕತಂಗಿಯರಲ್ಲಿ ಹಿರಿಯಾಕೆ ಮರುವಾರ ಆ ವಹಿ ನೋಡಿಕೊಂಡು ಹಾಡುತ್ತಾರೆ. ಮಟ್ಟು ಎಲ್ಲಿಯೂ ತಪ್ಪುವುದಿಲ್ಲ. ನಾವು ಓದುವಾಗ ತಪ್ಪಿದರೆ ಅವರೇ ತಡೆದು, 'ಹಾಂಗಲ್ರೀ ಅಣ್ಣಾರ, ಇಲ್ಲಿ ಜಗ್ಗಬೇಕು' ಎಂದು ತಿದ್ದುತ್ತಾರೆ. ಎರಡು ವರ್ಷದಲ್ಲಿ ಅರ್ಧಕ್ಕಿಂತ ಮುಂದೆ ಬಂದಿದ್ದೇವೆ.